ರಬ್ಬರ್ ಹಾಲಿನ ಆಸಿಡ್: ಕ್ಯಾನ್ ಮನೆಗೆ ಬಂದಲ್ಲಿಂದ ಖಾಲಿಯಾಗುವ ತನಕ

ಸುಳ್ಯ, ಕಡಬ, ಪುತ್ತೂರು, ಬೆಳ್ತಂಗಡಿ ಕಡೆ ರಬ್ಬರ್ ಶೀಟ್ ಮಾಡುವ ಯಾರ ಮನೆಗೆ ಹೋದರೂ ರೋಲರ್ ಶೆಡ್ಡಿನ ಮೂಲೆಯಲ್ಲಿ ಒಂದು ಬಾಟಲಿ ಕಾಣುತ್ತದೆ. ಹೆಚ್ಚಾಗಿ ಕುಡಿಯುವ ನೀರಿನ ಹಳೆ ಬಾಟಲಿ, ಒಮ್ಮೊಮ್ಮೆ ಬ್ರಾಂದಿಯ ಕ್ವಾರ್ಟರ್. ಲೇಬಲ್ ಇಲ್ಲ. ಒಳಗಿರುವುದು ನೀರಿನಷ್ಟೇ ತಿಳಿ. ಮುಚ್ಚಳ ತೆಗೆದರೆ ಮಾತ್ರ ಮೂಗಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಅದು ರಬ್ಬರ್ ಮರದ ಹಾಲನ್ನು ಹೆಪ್ಪುಗಟ್ಟಿಸಿ ಶೀಟ್ ಮಾಡಲು ಹಾಕುವ ಶೇ. 85ರ ಫಾರ್ಮಿಕ್ ಆಸಿಡ್. ನಾವೆಲ್ಲ ಬರೀ ‘ಆಸಿಡ್’ ಎನ್ನುತ್ತೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಡಿಶ್ಶಿನಲ್ಲಿ, ಅಂದರೆ ಹಾಲು ಹೆಪ್ಪುಗಟ್ಟಿಸುವ ತಟ್ಟೆಯಲ್ಲಿ, ಹಾಲಿನ ಜೊತೆ ಸೇರಿದ ಆಸಿಡ್ ಯಾರನ್ನೂ ಸುಟ್ಟದ್ದು ನಾನು ನೋಡಿಲ್ಲ. ಸುಡುವುದು ಕ್ಯಾನಿನಿಂದ ಬಾಟಲಿಗೆ, ಬಾಟಲಿಯಿಂದ ಬಕೆಟಿಗೆ ಹೋಗುವ ಆ ಎರಡು ನಿಮಿಷದಲ್ಲಿ. ಉಳಿದ ಅನಾಹುತಗಳೆಲ್ಲ ಆ ಬಾಟಲಿ ಎಲ್ಲಿತ್ತು ಎಂಬುದರಿಂದ ಆಗುವಂಥವು. ಹಾಗಾಗಿ ಈ ಬರಹದಲ್ಲಿ ಅರ್ಧಕ್ಕರ್ಧ ಬಾಟಲಿಯ ಮಾತೇ ಇದೆ.

ಇದು ಎಂಥ ಆಸಿಡ್?

ಮರದ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದರ ಹಿಂದಿರುವುದು ಇದೇ ಆಸಿಡ್. ಚಗಳಿ ಚಟ್ನಿಯ ಹುಳಿಯೂ ಇದರದ್ದೇ. ಲ್ಯಾಟಿನ್‌ನಲ್ಲಿ ಇರುವೆಗೆ ಫಾರ್ಮಿಕಾ ಎಂದು ಹೆಸರು, ಆಸಿಡ್ಡಿಗೂ ಅದೇ ಹೆಸರು ಬಂತು. ಚಟ್ನಿ ತಿಂದವರಿಗೆ ಏನೂ ಆಗದಿರುವುದು ಅದರಲ್ಲಿ ಆಸಿಡ್ ತೀರಾ ಕಡಿಮೆ ಇರುವುದರಿಂದ. ಕ್ಯಾನಿನೊಳಗೆ ನೂರರಲ್ಲಿ 85 ಪಾಲು ಅದೇ.

ಅಡುಗೆಗೆ ಬಳಸುವ ವಿನಿಗರಿನ ಅಸಿಟಿಕ್ ಆಮ್ಲಕ್ಕೆ ಹೋಲಿಸಿದರೆ ಇದು ಸುಮಾರು ಹತ್ತು ಪಟ್ಟು ಬಲವಾದ ಆಮ್ಲ. ಸಾವಯವ ಆಮ್ಲ ಅಂದ ಕೂಡಲೇ ‘ಸಾವಯವ ಗೊಬ್ಬರದ ಹಾಗೆ ಮೆತ್ತನೆಯದು’ ಎಂದುಕೊಳ್ಳುವವರಿದ್ದಾರೆ. ರಸಾಯನಶಾಸ್ತ್ರದಲ್ಲಿ ಆ ಪದಕ್ಕೆ ಇಂಗಾಲ ಇರುವ ಆಮ್ಲ ಎಂದಷ್ಟೇ ಅರ್ಥ. ಯುರೋಪಿನ ಲೇಬಲ್ ನಿಯಮ ನಮಗೂ ಉಪಯೋಗಕ್ಕೆ ಬರುತ್ತದೆ: ಶೇ. 10 ಅಥವಾ ಅದಕ್ಕಿಂತ ಗಟ್ಟಿ ಇದ್ದರೆ ಚರ್ಮ ಸುಡುವ ವರ್ಗ, ಶೇ. 2ರಿಂದ 10ರ ತನಕ ಕೆರಳಿಸುವ ವರ್ಗ. ನಾವು ಹಾಲಿಗೆ ಹಾಕುವುದು ಶೇ. 1ರ ಆಸುಪಾಸಿನದ್ದು. ಅಂದರೆ ಅಪಾಯವೆಲ್ಲ ನೀರು ಸೇರಿಸುವ ಮೊದಲೇ ಇದೆ.

ಹಾಗಾದರೆ ಅಗ್ಗದ ಸಲ್ಫ್ಯೂರಿಕ್ ಆಸಿಡ್ ಯಾಕಾಗದು ಎಂದು ಕೇಳುವವರೂ ಇದ್ದಾರೆ. ಹಾಲು ಅದರಲ್ಲೂ ಹೆಪ್ಪುಗಟ್ಟುತ್ತದೆ. ಆದರೆ ಅದು ಆವಿಯಾಗಿ ಹೋಗುವುದಿಲ್ಲ, ಶೀಟಿನಲ್ಲೇ ಉಳಿದು ಗುಣಮಟ್ಟ ಕೆಡಿಸುತ್ತದೆ, ರೋಲರನ್ನೂ ತಿನ್ನುತ್ತದೆ. ಫಾರ್ಮಿಕ್ ಕುದಿಯುವುದು 100.8 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ನೀರಿನ ಹಾಗೆಯೇ. ಹೊಗೆಗೂಡಿನಲ್ಲಿ ಶೀಟ್ ಒಣಗುವಾಗ ಅದೂ ಹೋಗುತ್ತದೆ. ಆವಿಯಾಗುವ ಈ ಗುಣ ಶೀಟಿಗೆ ಒಳ್ಳೆಯದು, ನಮ್ಮ ಶ್ವಾಸಕೋಶಕ್ಕೆ ಕೆಟ್ಟದು.

ತರುವುದು

ಈ ಆಸಿಡ್ ಸಾಮಾನ್ಯವಾಗಿ 35 ಕಿಲೋದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ. ನೀರಿಗಿಂತ ಭಾರವಾದ್ದರಿಂದ 35 ಕಿಲೋ ಅಂದರೆ ಸುಮಾರು 29 ಲೀಟರ್. ಅರ್ಧ ಕಿಲೋದ ಒಂದು ಶೀಟಿಗೆ ಬೇಕಾಗುವುದು ಎರಡು ಮಿಲಿಲೀಟರ್ ಆಸುಪಾಸು. ಮುನ್ನೂರು ಮರದ ಸಣ್ಣ ಬೆಳೆಗಾರನಿಗೆ ಇಡೀ ಕ್ಯಾನ್ ಮುಗಿಯಲು ವರ್ಷಗಳೇ ಬೇಕು. ಹಾಗಾಗಿ ನಾಲ್ಕು ಮನೆಯವರು ಸೇರಿ ಒಂದು ಕ್ಯಾನ್ ತಂದು ಹಂಚಿಕೊಳ್ಳುತ್ತಾರೆ, ಇಲ್ಲವೇ ಅಂಗಡಿಯಿಂದ ಲೀಟರ್ ಲೆಕ್ಕದಲ್ಲಿ ತರುತ್ತಾರೆ. ನೀರಿನ ಬಾಟಲಿ ಈ ಕತೆಯೊಳಗೆ ಬರುವುದು ಇಲ್ಲಿಂದಲೇ.

ಅಂಗಡಿಗೆ ಹೋಗುವಾಗ ಖಾಲಿ ನೀರಿನ ಬಾಟಲಿ ಒಯ್ಯಬೇಡಿ. ಕಂಪನಿಯ ಲೇಬಲ್ಲಿರುವ, ಸೀಲ್ ಒಡೆಯದ ಸಣ್ಣ ಪ್ಯಾಕ್ ಸಿಕ್ಕರೆ ಅದೇ ಒಳ್ಳೆಯದು, ನಾಲ್ಕು ಕಾಸು ಹೆಚ್ಚಾದರೂ ಅಡ್ಡಿಯಿಲ್ಲ. ಹಂಚಿಕೊಳ್ಳಲೇಬೇಕಾದರೆ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್‌ನ, ತಿರುಗಿಸುವ ಮುಚ್ಚಳದ ಡಬ್ಬಿ ಇರಲಿ. ಕಬ್ಬಿಣ, ತಗಡು, ಅಲ್ಯೂಮಿನಿಯಂ ಪಾತ್ರೆಗೆ ಗಟ್ಟಿ ಆಸಿಡ್ ಹೊಯ್ಯುವಂತಿಲ್ಲ. ಲೋಹವನ್ನು ತಿನ್ನುತ್ತಾ ಹೈಡ್ರೋಜನ್ ಬಿಡುತ್ತದೆ, ಮುಚ್ಚಿಟ್ಟರೆ ಒತ್ತಡ ಏರುತ್ತದೆ. ಡಬ್ಬಿಯ ಮೇಲೆ ಅಳಿಸಿ ಹೋಗದ ಮಾರ್ಕರಿನಲ್ಲಿ ‘ಆಸಿಡ್ – ವಿಷ’ ಎಂದು ಬರೆಯಿರಿ. ಟ್ಯಾಪಿಂಗಿಗೆ (ಮರ ಕೊಯ್ದು ಹಾಲು ಇಳಿಸಲು) ಬರುವವರು ತಮಿಳಿನವರೋ ಮಲಯಾಳದವರೋ ಆಗಿದ್ದರೆ ಅವರ ಅಕ್ಷರದಲ್ಲೂ ಬರೆಯಿಸಿ. ಶ್ರೀಲಂಕಾದಿಂದ ಮರಳಿದ ತಮಿಳರನ್ನು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದ್ದು ಎರಡು ದೇಶಗಳ ನಡುವಿನ 1964ರ ಒಪ್ಪಂದದ ನಂತರ. ಅವರ ಮಕ್ಕಳಿಗೆ ಕನ್ನಡ ಬರುತ್ತದೆ, ಹಿರಿಯರಲ್ಲಿ ಕೆಲವರಿಗೆ ಓದಲು ಬಾರದು. ಓದು ಬಾರದವರಿಗೆ ತಲೆಬುರುಡೆಯ ಚಿತ್ರ ಸಾಕು, ಬಿಡಿಸಲು ಚಿತ್ರಕಾರನೇ ಆಗಬೇಕೆಂದಿಲ್ಲ.

ಆಸಿಡ್ ದಾಳಿಗಳ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಬಿಡಿ ಮಾರಾಟಕ್ಕೆ ಕಡಿವಾಣ ಹಾಕಿದ ಮೇಲೆ ಅಂಗಡಿಯವರು ಗುರುತಿನ ಚೀಟಿ ಕೇಳಬಹುದು, ಪುಸ್ತಕದಲ್ಲಿ ಹೆಸರು ಬರೆದುಕೊಳ್ಳಬಹುದು. ‘ನನ್ನನ್ನು ಗೊತ್ತಿಲ್ಲವಾ’ ಎಂದು ಮುನಿಸಿಕೊಳ್ಳಬೇಡಿ. ಹದಿನೆಂಟು ದಾಟದ ಮಗನನ್ನು ಕಳಿಸಲೂಬೇಡಿ.

ಜೀಪಿನಲ್ಲಿ ತರುವುದಾದರೆ ಹಿಂದೆ, ಪ್ಲಾಸ್ಟಿಕ್ ಟಬ್ಬಿನೊಳಗೆ ನೆಟ್ಟಗೆ ನಿಲ್ಲಿಸಿ, ಹಗ್ಗ ಕಟ್ಟಿ. ದಿನಸಿ ಚೀಲ, ಹಿಂಡಿ, ಹಸುವಿನ ಫೀಡು ಒಟ್ಟಿಗೆ ಬೇಡ. ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡು ಬರುವವರನ್ನು ನೋಡಿದ್ದೇನೆ, ನಮ್ಮ ಘಟ್ಟದ ರಸ್ತೆಯ ಗುಂಡಿಗಳನ್ನೂ ನೋಡಿದ್ದೇನೆ.

ಇಡುವುದು

ನೆರಳು, ಗಾಳಿ, ಬೀಗ. ಈ ಮೂರರಲ್ಲಿ ಬೀಗವೇ ಮುಖ್ಯ, ಯಾಕೆಂದು ಮುಂದೆ ಹೇಳುತ್ತೇನೆ.

ಸೊಂಟದ ಮಟ್ಟಕ್ಕಿಂತ ಮೇಲಿನ ಹಲಗೆಯಲ್ಲಿ ಇಡಬೇಡಿ, ಇಳಿಸುವಾಗ ಕೈ ಜಾರಿದರೆ ಮುಖದ ಮೇಲೇ ಬೀಳುತ್ತದೆ. ನೆಲದ ಮೇಲೆ ಟಬ್ಬಿಟ್ಟು ಅದರೊಳಗೆ ಕ್ಯಾನ್ ಇಟ್ಟರೆ ಸೋರಿದರೂ ಟಬ್ಬಿನಲ್ಲೇ ಉಳಿಯುತ್ತದೆ. ಹೊಗೆಗೂಡಿನ ಬಾಗಿಲ ಬಳಿ, ಬೆಂಕಿಯ ಹತ್ತಿರ ಬೇಡವೇ ಬೇಡ.

ಗಾಳಿ ಬೇಕು ಎನ್ನುವುದಕ್ಕೆ ಕಾರಣವಿದೆ. ಗಟ್ಟಿ ಫಾರ್ಮಿಕ್ ಆಸಿಡ್ ಇಟ್ಟಲ್ಲೇ ತೀರಾ ನಿಧಾನವಾಗಿ ಒಡೆದು ನೀರು ಮತ್ತು ಕಾರ್ಬನ್ ಮಾನಾಕ್ಸೈಡ್ ಆಗುತ್ತಿರುತ್ತದೆ. ಸೆಕೆ ಹೆಚ್ಚಿದಷ್ಟೂ ಒಳಗಿನ ಒತ್ತಡ ಹೆಚ್ಚು. ತಗಡಿನ ಮಾಡಿನ ಶೆಡ್ಡಿನಲ್ಲಿ ಮೇ ತಿಂಗಳ ಮಧ್ಯಾಹ್ನ ಕ್ಯಾನ್ ಉಬ್ಬಿರುವುದನ್ನು ನೀವೂ ಕಂಡಿರಬಹುದು.

ನನಗೆ ಬುದ್ಧಿ ಬಂದದ್ದು ಅಂಥದ್ದೇ ಒಂದು ಮಧ್ಯಾಹ್ನ. ಮುಚ್ಚಳವನ್ನು ಒಂದೇ ಸುತ್ತಿಗೆ ತಿರುಗಿಸಿದೆ. ‘ಪುಸ್’ ಎಂದಿತು, ನಾಲ್ಕು ಹನಿ ಎಡಗೈಗೆ ಸಿಡಿಯಿತು. ಲುಂಗಿಯಲ್ಲಿ ಒರೆಸಿಕೊಂಡೆ. ಪಕ್ಕದಲ್ಲಿದ್ದ ಟ್ಯಾಪರ್, “ಎಂಥ ಆಗುದಿಲ್ಲ ಅಣ್ಣ, ನನಗೆ ದಿನಾ ತಾಗ್ತದೆ” ಎಂದ. ಸರಿ ಎಂದು ಕೆಲಸ ಮುಂದುವರಿಸಿದೆ. ಕೈ ಮೇಲೆ ಬಿದ್ದ ಹನಿ ನಿಜವಾಗಿಯೂ ಹೆಚ್ಚೇನೂ ಮಾಡಲಿಲ್ಲ. ಆದರೆ ಒಂದು ಹನಿ ವಾಚಿನ ಪಟ್ಟಿಯ ಅಡಿಗೆ ಹೋಗಿತ್ತು. ಅರ್ಧ ಗಂಟೆ ಕಳೆದು ಉರಿ ತಾಳಲಾರದೆ ವಾಚ್ ಬಿಚ್ಚಿದರೆ ಪಟ್ಟಿಯ ಅಗಲಕ್ಕೇ ಚರ್ಮ ಬೆಳ್ಳಗಾಗಿ ನೆನೆದ ಕಾಗದದ ಹಾಗೆ ಎದ್ದು ಬಂತು. ಆ ಕಲೆ ಈಗಲೂ ಇದೆ. ಅಂದಿನಿಂದ ಶೆಡ್ಡಿನ ಬಾಗಿಲಲ್ಲೊಂದು ಮೊಳೆ ಹೊಡೆದಿದ್ದೇನೆ: ವಾಚು, ಉಂಗುರ, ಕೈದಾರ ಎಲ್ಲ ಅಲ್ಲಿ ತೂಗುಹಾಕಿಯೇ ಒಳಗೆ ಹೋಗುವುದು.

ಕ್ಯಾನಿನಿಂದ ಅಳತೆಗೆ, ಅಳತೆಯಿಂದ ನೀರಿಗೆ

ಈ ಕೆಲಸ ಮನೆಯಲ್ಲಿ ಒಬ್ಬರದ್ದೇ ಆಗಿರಲಿ. ಅವರಿಲ್ಲದ ದಿನ ಎರಡನೆಯವರು. ಮೂರನೆಯವರು ಮುಟ್ಟುವುದೇ ಬೇಡ.

ಬೆಳಿಗ್ಗೆಯ ತಂಪಿನಲ್ಲಿ, ಶೆಡ್ಡಿನ ಹೊರಗೆ, ಗಾಳಿ ಬೆನ್ನಿಗೆ ಬೀಸುವಂತೆ ನಿಂತು ಮಾಡಿ. ಶುರು ಮಾಡುವ ಮೊದಲು ಪಕ್ಕದಲ್ಲಿ ನಲ್ಲಿಯ ಪೈಪ್ ಎಳೆದು ನೀರು ಬರುತ್ತದೆಯೇ ನೋಡಿಕೊಳ್ಳಿ. ಕರೆಂಟ್ ಇಲ್ಲದ, ಟ್ಯಾಂಕಿಯಲ್ಲಿ ನೀರಿಲ್ಲದ ದಿನ ಆ ಕೆಲಸ ನಾಳೆಗೆ ಹೋಗಲಿ, ಇಲ್ಲವೇ ಒಂದು ಡ್ರಮ್ ನೀರು, ಚೊಂಬು ಪಕ್ಕದಲ್ಲಿರಲಿ.

ಕಣ್ಣಿಗೆ ಗಾಗಲ್ಸ್ ಬೇಕು, ಬದಿಯೂ ಮುಚ್ಚುವಂಥದ್ದು. ಬಿಸಿಲಿಗೆ ಹಾಕುವ ಕನ್ನಡಕ ಸಾಲದು. ಕೈಗೆ ಮೊಣಕೈ ತನಕ ಬರುವ ದಪ್ಪ ಗ್ಲೌಸು, ನಿಯೋಪ್ರೀನ್ ಸಿಕ್ಕರೆ ಒಳ್ಳೆಯದು. ಆಸ್ಪತ್ರೆಯ ತೆಳು ಗ್ಲೌಸಿನಲ್ಲಿ ಈ ಆಸಿಡ್ ಬೇಗ ಒಳಗಿಳಿಯುತ್ತದೆ, ಮತ್ತೆ ಒಳಗೇ ಸಿಕ್ಕಿಕೊಳ್ಳುತ್ತದೆ, ನನ್ನ ವಾಚಿನ ಕತೆಯೇ. ಪ್ಲಾಸ್ಟಿಕ್ ಏಪ್ರನ್, ಗಂಬೂಟು. ಪ್ಯಾಂಟನ್ನು ಬೂಟಿನೊಳಗೆ ತುರುಕಬೇಡಿ, ಬೂಟಿನ ಹೊರಗೇ ಬಿಡಿ. ಇಲ್ಲದಿದ್ದರೆ ಮೇಲಿಂದ ಇಳಿದದ್ದು ನೇರ ಬೂಟಿಗೆ ತುಂಬುತ್ತದೆ. ಮುಖಕ್ಕೆ ಕಟ್ಟುವ ಬೈರಾಸು, ಕೊರೊನಾ ಕಾಲದ ಮಾಸ್ಕು ಆವಿಯನ್ನು ತಡೆಯುವುದಿಲ್ಲ. ಅದನ್ನು ನಂಬಿ ಮುಚ್ಚಿದ ಕೋಣೆಯಲ್ಲಿ ನಿಲ್ಲಬೇಡಿ.

ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ಗಾಳಿ ಹೋಗುವ ಶಬ್ದ ನಿಂತ ಮೇಲೆ ಪೂರ್ತಿ ತೆಗೆಯಿರಿ. ಆಗ ಮುಖ ಕ್ಯಾನಿನ ನೇರಕ್ಕೆ ಇರಬಾರದು.

35 ಕಿಲೋದ ಕ್ಯಾನನ್ನು ಬಗ್ಗಿಸಿ ಔನ್ಸ್ ಗ್ಲಾಸಿಗೆ ಹೊಯ್ಯುವುದು ಸರ್ಕಸ್ಸು. ಗಳಗಳ ಎಂದು ಒಮ್ಮೆಲೇ ನುಗ್ಗಿ ಸಿಡಿಯುತ್ತದೆ. ಕೈಯಲ್ಲಿ ಒತ್ತುವ ಪ್ಲಾಸ್ಟಿಕ್ ಪಂಪು ಹಾಕಿಕೊಳ್ಳಿ. ಡೀಸೆಲ್ ತೆಗೆಯುವ ಹಾಗೆ ಪೈಪಿಗೆ ಬಾಯಿ ಹಾಕಿ ಎಳೆಯುವುದನ್ನು ಕನಸಲ್ಲೂ ಮಾಡಬೇಡಿ. ಅಳತೆಗೆ ಗೆರೆ ಇರುವ ನೂರು ಮಿಲಿಲೀಟರಿನ ಪ್ಲಾಸ್ಟಿಕ್ ಸಿಲಿಂಡರ್ ಇರಲಿ, ಅದಕ್ಕೆ ಬೇರೆ ಕೆಲಸ ಕೊಡಬೇಡಿ. ಕಷಾಯದ ಲೋಟ, ಮಕ್ಕಳ ಔಷಧಿಯ ಮುಚ್ಚಳ ಶೆಡ್ಡಿಗೆ ಬರಬಾರದು. ಬಂದದ್ದು ಒಂದಲ್ಲ ಒಂದು ದಿನ ಅಡುಗೆಮನೆಗೆ ವಾಪಸು ಹೋಗುತ್ತದೆ.

ಲೆಕ್ಕ ಸುಲಭ. ಶೇ. 85ರ ಆಸಿಡ್ 10 ಮಿಲಿಲೀಟರ್, ನೀರು 1 ಲೀಟರ್: ಸುಮಾರು ಶೇ. 1ರ ದ್ರಾವಣ. 100 ಮಿಲಿಲೀಟರಿಗೆ 10 ಲೀಟರ್ ನೀರು. ಮೊದಲು ಬಕೆಟಿಗೆ ನೀರು, ಆಮೇಲೆ ನೀರಿಗೆ ಆಸಿಡ್, ನಿಧಾನ, ನೀರಿನ ಮಟ್ಟದ ಹತ್ತಿರದಿಂದ. ಸಲ್ಫ್ಯೂರಿಕ್‌ನಷ್ಟು ಇದು ಕಾಯುವುದಿಲ್ಲ, ನಿಜ. ಆದರೂ ಕೈಗೆ ಒಂದೇ ಅಭ್ಯಾಸ ಇರಲಿ.

ದಿನಾ ದಿನಾ ಐದು, ಹತ್ತು ಮಿಲಿಲೀಟರ್ ಅಳೆಯುವುದಕ್ಕಿಂತ ನಾನು ವಾರಕ್ಕೆ ಒಂದೇ ಸಲ ಹತ್ತು ಲೀಟರ್ ಮಾಡಿಡುತ್ತೇನೆ. ನಮ್ಮಲ್ಲಿ ವಾರಕ್ಕೆ ಎರಡು ಟ್ಯಾಪಿಂಗ್, ಒಂದು ಸಲಕ್ಕೆ ಇಪ್ಪತ್ತೈದರಷ್ಟು ಶೀಟು, ಅಷ್ಟು ಸಾಕಾಗುತ್ತದೆ. ಟ್ಯಾಪರ್ ಕೈಗೆ ಸಿಗುವುದು ಈ ತೆಳು ದ್ರಾವಣ ಮಾತ್ರ, ಗಟ್ಟಿ ಆಸಿಡ್ ಬೀಗದೊಳಗೆ. ಇಡೀ ಬರಹದಲ್ಲಿ ನಿಮಗೆ ಒಂದೇ ಒಂದು ವಿಷಯ ಹಿಡಿಸುವುದಾದರೆ ಇದು ಹಿಡಿಸಲಿ.

ಹಾಲಿಗೆ ಹಾಕುವುದು

ಇಲ್ಲಿ ಹೇಳುವುದು ಕಡಿಮೆ. ಸೋಸಿ ನೀರು ಸೇರಿಸಿದ ಹಾಲಿಗೆ ದ್ರಾವಣ ಹೊಯ್ದು ಕಲಕಿ ನೊರೆ ತೆಗೆಯುವುದು ಎಲ್ಲರಿಗೂ ಗೊತ್ತಿರುವಂಥದ್ದೇ. ಕಲಕಲು ಕೈ ಹಾಕಬೇಡಿ. ತೆಳು ದ್ರಾವಣವೂ ದಿನಾ ತಾಗಿದರೆ ಬೆರಳ ಸಂದು ಬಿರಿಯುತ್ತದೆ, ಕಣ್ಣಿಗೆ ಹಾರಿದರೆ ಚೆನ್ನಾಗಿಯೇ ಉರಿಯುತ್ತದೆ.

ಆಸಿಡ್ ಸಾಕಾಯಿತೇ ಎಂಬುದನ್ನು ಮೂಗಿನಿಂದ ನೋಡುವುದಲ್ಲ. ಹೆಪ್ಪಿನ ಸುತ್ತ ನಿಂತ ನೀರನ್ನು ನೋಡಿ. ತಿಳಿಯಾಗಿದ್ದರೆ ಸಾಕಾಗಿದೆ, ಹಾಲು ಹಾಲಾಗಿದ್ದರೆ ಕಡಿಮೆಯಾಗಿದೆ. ಹಾಲು ಬೇಗ ಕೆಡದಂತೆ ಅಮೋನಿಯಾ ಹಾಕಿದ್ದರೆ ಆಸಿಡ್ ಹೆಚ್ಚು ಬೇಕಾಗುತ್ತದೆ, ಒಂದನ್ನೊಂದು ತಿನ್ನುತ್ತವೆ. ‘ಬೇಗ ಗಟ್ಟಿಯಾಗಲಿ’ ಎಂದು ಬಾಟಲಿಯಿಂದಲೇ ಗಟ್ಟಿ ಆಸಿಡ್ ಸುರಿಯುವವರಿದ್ದಾರೆ. ಬಿದ್ದಲ್ಲಿ ಗಂಟು ಕಟ್ಟುತ್ತದೆ, ಉಳಿದ ಕಡೆ ಹಾಲು ಹಾಗೇ ಇರುತ್ತದೆ, ಶೀಟು ಒಣಗಲು ತಡ. ನಿಮ್ಮ ಹಾಲಿಗೆ ಎಷ್ಟು ಬೇಕೆಂದು ರಬ್ಬರ್ ಬೋರ್ಡಿನ ಕ್ಷೇತ್ರಾಧಿಕಾರಿಯನ್ನು ಕೇಳಿದರೆ ಹೇಳುತ್ತಾರೆ.

ಇವುಗಳ ಜೊತೆ ಸೇರಬಾರದು

ಸಲ್ಫ್ಯೂರಿಕ್ ಆಸಿಡ್: ಗಟ್ಟಿ ಸಲ್ಫ್ಯೂರಿಕ್ ಫಾರ್ಮಿಕ್‌ಗೆ ಸೇರಿದರೆ ರಭಸದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಶೆಡ್ಡಿನಲ್ಲಿ ಪ್ರಾಣಕ್ಕೇ ಕುತ್ತು. ಎರಡೂ ಆಸಿಡ್ಡೇ ಅಲ್ಲವಾ ಎಂದು ಉಳಿದದ್ದನ್ನು ಒಂದೇ ಕ್ಯಾನಿಗೆ ಸುರಿಯುವ ಉಳಿತಾಯ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಬ್ಲೀಚಿಂಗ್ ಪುಡಿ: ಬಾವಿಗೆ ಹಾಕಲು ಪಂಚಾಯಿತಿಯವರು ಕೊಟ್ಟದ್ದು ಅದೇ ಶೆಡ್ಡಿನಲ್ಲಿ ಇರುತ್ತದೆ. ಎರಡೂ ಸೇರಿದರೆ ಕ್ಲೋರಿನ್. ಅಮೋನಿಯಾ ಕ್ಯಾನ್ ಕೂಡ ಬೇರೆ ಮೂಲೆಯಲ್ಲಿರಲಿ. ಹೈಡ್ರೋಜನ್ ಪೆರಾಕ್ಸೈಡ್ ಇದ್ದರೆ ಅದೂ ದೂರ, ಆ ಜೋಡಿ ಸ್ಫೋಟಿಸಬಲ್ಲದು.

ಮೈಮೇಲೆ ಬಿದ್ದರೆ

ನೀರು. ಕೂಡಲೇ, ಧಾರಾಳ, ಹರಿಯುವ ನೀರು, ಗಡಿಯಾರ ನೋಡಿ ಕನಿಷ್ಠ 20 ನಿಮಿಷ. ಇಪ್ಪತ್ತು ನಿಮಿಷ ಎಷ್ಟು ಉದ್ದ ಎಂದು ಪೈಪ್ ಹಿಡಿದು ನಿಂತಾಗಲೇ ಗೊತ್ತಾಗುವುದು. ಐದು ನಿಮಿಷಕ್ಕೇ ‘ಸಾಕು’ ಅನಿಸುತ್ತದೆ. ನೀರು ಹೊಯ್ಯುತ್ತಲೇ ಅಂಗಿ, ಲುಂಗಿ, ಬೂಟು ಬಿಚ್ಚಿ. ನಾಚಿಕೆಗೆ ಆಮೇಲೆ ಸಮಯವಿದೆ. ಹತ್ತಿಯ ಲುಂಗಿ ಆಸಿಡ್ಡನ್ನು ಹೀರಿ ತೊಡೆಗೆ ಅಂಟಿಸಿಕೊಂಡೇ ಇರುತ್ತದೆ.

ತೆಂಗಿನೆಣ್ಣೆ, ಅರಸಿನ, ಟೂತ್‌ಪೇಸ್ಟ್, ಯಾವುದೂ ಬೇಡ. ಸುಣ್ಣದ ತಿಳಿ, ಸೋಡಾಪುಡಿ ಹಾಕಿ ಆಸಿಡ್ ಮುರಿಯುತ್ತೇನೆ ಎನ್ನುವ ವಿಜ್ಞಾನವೂ ಬೇಡ, ಆ ಕ್ರಿಯೆಯ ಶಾಖ ಗಾಯಕ್ಕೆ ಹೊಸ ಗಾಯ. ತೊಳೆದ ಮೇಲೆ ಶುಭ್ರ ಬಟ್ಟೆ ಹಗುರಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ. ಹೆಚ್ಚು ಜಾಗಕ್ಕೆ ಬಿದ್ದಿದ್ದರೆ ಚರ್ಮದ ಮೂಲಕವೇ ಆಸಿಡ್ ರಕ್ತಕ್ಕೆ ಸೇರಬಹುದು, ಹಾಗಾಗಿ ‘ಬರೀ ಸುಟ್ಟಗಾಯ’ ಎಂದು ಮನೆಯಲ್ಲಿ ಮಲಗುವಂತಿಲ್ಲ.

ಕಣ್ಣಿಗೆ ಬಿದ್ದರೆ ಒಬ್ಬರು ರೆಪ್ಪೆ ಅಗಲಿಸಿ ಹಿಡಿಯಲಿ, ಇನ್ನೊಬ್ಬರು ಮೂಗಿನ ಕಡೆಯಿಂದ ಹೊರಗೆ ಹರಿಯುವಂತೆ ನೀರು ಬಿಡಲಿ. ಆಸಿಡ್ ಬಿದ್ದ ಕಣ್ಣು ಕೆಳಬದಿಗಿರಬೇಕು, ಇಲ್ಲದಿದ್ದರೆ ಆ ನೀರು ಒಳ್ಳೆಯ ಕಣ್ಣಿಗೆ ಹರಿಯುತ್ತದೆ. ಇಲ್ಲಿಯೂ 20 ನಿಮಿಷಕ್ಕೆ ಕಡಿಮೆಯಿಲ್ಲ. ನೋವು ನಿಂತರೂ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಆವಿ ಕುಡಿದು ಕೆಮ್ಮು ಹಿಡಿದವರನ್ನು ಹೊರಗೆ ಗಾಳಿಗೆ ತಂದು ಕೂರಿಸಿ. ಗಟ್ಟಿ ಆವಿ ಚೆನ್ನಾಗಿ ಒಳಗೆ ಹೋಗಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರವೂ ಆಗಬಹುದು. ಸಂಜೆ ಸರಿಯಿದ್ದರು ಎಂದು ರಾತ್ರಿ ಒಬ್ಬರನ್ನೇ ಬಿಡಬೇಡಿ.

ಹೊಟ್ಟೆಗೆ ಹೋದರೆ ವಾಂತಿ ಮಾಡಿಸಬೇಡಿ, ಸುಟ್ಟ ದಾರಿಯಲ್ಲೇ ಅದು ಮತ್ತೊಮ್ಮೆ ಬರುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ. ಉಪ್ಪುನೀರು, ಸೋಡಾ, ನಿಂಬೆ ಏನನ್ನೂ ಕುಡಿಸಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಜೊತೆಗೇ ಒಯ್ಯಿರಿ. ವೈದ್ಯರಿಗೆ ‘ಆಸಿಡ್’ ಎಂದಷ್ಟೇ ಹೇಳಬೇಡಿ, ‘ರಬ್ಬರಿಗೆ ಹಾಕುವ ಫಾರ್ಮಿಕ್ ಆಸಿಡ್’ ಎಂದೇ ಹೇಳಿ. ಬೇರೆ ಆಸಿಡ್ಡುಗಳ ಹಾಗೆ ಇದು ಅನ್ನನಾಳ, ಹೊಟ್ಟೆಯನ್ನು ಸುಟ್ಟು ಸುಮ್ಮನಿರುವುದಿಲ್ಲ. ರಕ್ತಕ್ಕೆ ಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಮೂತ್ರಪಿಂಡ ಕೈಕೊಡುತ್ತದೆ, ಜೀವಕೋಶ ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ. ಮೆಥನಾಲ್ ಸೇರಿದ ಕಳ್ಳಭಟ್ಟಿ ಕುಡಿದವರ ಕಣ್ಣು ಹೋಗುತ್ತದಲ್ಲ, ಅದೂ ದೇಹದೊಳಗೆ ಆ ಮೆಥನಾಲ್ ಫಾರ್ಮಿಕ್ ಆಮ್ಲವಾಗಿ ಮಾರ್ಪಡುವುದರಿಂದಲೇ.

ಬೀಗದ ಮಾತು ಇಲ್ಲಿಗೆ ಬರುತ್ತದೆ. ಕೇರಳದ ರಬ್ಬರ್ ಪ್ರದೇಶದ ಆಸ್ಪತ್ರೆಗಳ ವೈದ್ಯರು ಫಾರ್ಮಿಕ್ ಆಸಿಡ್ ಸೇವನೆಯ ಪ್ರಕರಣಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ನೀರೆಂದು ತಪ್ಪಿ ಕುಡಿದವರು ಕೆಲವರು, ಬೇಸತ್ತ ಗಳಿಗೆಯಲ್ಲಿ ಕೈಗೆ ಸಿಕ್ಕಿತೆಂದು ಕುಡಿದವರು ಹಲವರು. ಆ ಗಳಿಗೆ ಬಹಳ ಸಲ ಸಣ್ಣದು, ಒಂದು ಬೀಗ ಹುಡುಕುವಷ್ಟರಲ್ಲಿ ದಾಟಿ ಹೋಗುವಂಥದ್ದು. ಕೀಲಿಕೈ ಶೆಡ್ಡಿನ ಮೊಳೆಯಲ್ಲಿ ಬೇಡ, ಮನೆಯಲ್ಲಿ ಒಬ್ಬರ ಬಳಿ ಇರಲಿ. ಮನೆಯಲ್ಲೋ ಕೆಲಸದವರಲ್ಲೋ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಚೆಲ್ಲಿದರೆ, ಮತ್ತು ತೊಳೆದ ನೀರು

ಸ್ವಲ್ಪ ಚೆಲ್ಲಿದರೆ ದೂರದಿಂದ ಧಾರಾಳ ನೀರು ಸಾಕು. ಲೀಟರುಗಟ್ಟಲೆ ಚೆಲ್ಲಿದರೆ ಮಕ್ಕಳು, ನಾಯಿ, ಕೋಳಿಗಳನ್ನು ಮೊದಲು ದೂರ ಕಳಿಸಿ, ಗಾಳಿ ಬರುವ ದಿಕ್ಕಿನಲ್ಲಿ ನಿಂತು ಸುತ್ತಲೂ ಮರಳಿನ ಒಡ್ಡು ಕಟ್ಟಿ. ಮೇಲಿನಿಂದ ಕೃಷಿಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ. ನೊರೆ ಬಂದು ಬಿಸಿಯಾಗುತ್ತದೆ, ನೊರೆ ನಿಂತ ಮೇಲೆ ಪ್ಲಾಸ್ಟಿಕ್ ಬಕೆಟಿಗೆ ತುಂಬಿ. ಮರದ ಹುಡಿ, ಗೋಣಿಚೀಲದಲ್ಲಿ ಒರೆಸಬೇಡಿ.

ರೋಲರಿನಿಂದ ಇಳಿಯುವ ಹುಳಿನೀರು ನಮ್ಮಲ್ಲಿ ಹೆಚ್ಚಿನ ಕಡೆ ನೇರ ತೋಡಿಗೆ ಹೋಗುತ್ತದೆ. ವಾಸನೆಗೆ ಪಕ್ಕದ ಮನೆಯವರ ಜೊತೆ ಮನಸ್ತಾಪ ಆಗುವುದೂ ಇದೇ ಕಾರಣಕ್ಕೆ. ಬಾವಿಯಿಂದ ದೂರ ಒಂದು ಗುಂಡಿ ತೆಗೆದು, ಸುಣ್ಣ ಹಾಕಿ, ನಾಲ್ಕು ದಿನ ನಿಲ್ಲಿಸಿ ಬಿಡಿ. ಲಿಟ್ಮಸ್ ಕಾಗದ ಶಾಲೆಗೆ ಹೋಗುವ ಮಕ್ಕಳ ಹತ್ತಿರ ಇರುತ್ತದೆ, ನೀಲಿ ಕಾಗದ ಕೆಂಪಾಗದಿದ್ದರೆ ಬಿಡಬಹುದು.

ಖಾಲಿ ಕ್ಯಾನ್

ಕ್ಯಾನ್ ಖಾಲಿಯಾದ ಸುದ್ದಿ ಹೇಗೋ ಊರಿಡೀ ಗೊತ್ತಾಗುತ್ತದೆ. “ಅಣ್ಣ, ಅದು ನಮಗೆ ಕೊಡಿ, ನೀರು ತುಂಬಿಸಿಡಲಿಕ್ಕೆ ಆಗ್ತದೆ” ಎಂದು ಯಾರಾದರೂ ಬಂದೇ ಬರುತ್ತಾರೆ. ಒಳ್ಳೆ ಗಟ್ಟಿ ಪ್ಲಾಸ್ಟಿಕ್, ಆಸೆ ಸಹಜ. ಕೊಡಬೇಡಿ. ನೀರು ತುಂಬಿಸಿ, ಕುಲುಕಿ, ಸುಣ್ಣದ ಗುಂಡಿಗೆ ಚೆಲ್ಲಿ, ಹೀಗೆ ಮೂರು ಸಲ ತೊಳೆಯಿರಿ. ಆಮೇಲೆ ಕತ್ತಿಯಲ್ಲಿ ಅಡ್ಡಕ್ಕೆ ಸೀಳಿಬಿಡಿ. ನಮ್ಮ ಮನೆಯ ಕಳೆದ ಕ್ಯಾನಿನ ಕೆಳಗಿನರ್ಧಕ್ಕೆ ತೂತು ಕೊರೆದು ಕರಿಮೆಣಸಿನ ಕುಡಿ ನೆಟ್ಟಿದ್ದೇನೆ. ಮೇಲಿನರ್ಧ ಬಾಯಿ ಕೆಳಗಾಗಿ ಶೆಡ್ಡಿನಲ್ಲಿ ನೇತಾಡುತ್ತಿದೆ, ಸುಣ್ಣ ಸುರಿಯಲು ಆಲಿಕೆಯಾಗಿ.